ಸಾರಕ್ಕಿಯ ಕಲ್ಲು, ಸೀಮೆಯ ಎಣ್ಣೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಹಿಂದೆ ಕೆರೆಯ ಅಂಚಿನ ಹಳ್ಳಿಯಾಗಿದ್ದು ಈಗ ಜೆ.ಪಿ. ನಗರದ ಬಡಾವಣೆಗಳ ನಡುವೆ ಸೇರಿಹೋಗಿರುವ ಸಾರಕ್ಕಿಯಲ್ಲಿ, ಮನೆಗೆ ಪಾಯ ತೋಡುವವರಿಗೂ ಕೊಳವೆಬಾವಿ ಕೊರೆಸುವವರಿಗೂ ಮೊದಲು ಎದುರಾಗುವುದು ಕೆಂಪು ಮಣ್ಣು, ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಶಿಥಿಲ ಕಲ್ಲು, ಅದಕ್ಕೂ ಕೆಳಗೆ ಸಾವಿರ ಅಡಿ ಇಳಿದರೂ ಮುಗಿಯದ ಬೂದುಬಣ್ಣದ ಗಟ್ಟಿ ಬಂಡೆ. ಇದೇ ವರ್ಗದ ಬಂಡೆ ಕೆಲವು ಕಿಲೋಮೀಟರ್ ಉತ್ತರಕ್ಕೆ, ಲಾಲ್‌ಬಾಗಿನಲ್ಲಿ, ಮಣ್ಣಿನ ಹೊದಿಕೆಯನ್ನು ಕಳಚಿಕೊಂಡು ಗುಡ್ಡವಾಗಿ ಮೇಲೆದ್ದಿದ್ದು, ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ ನಿಂತಿದೆ. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲರ್ ನೈಸ್ ಎಂದು ಕರೆಯುತ್ತಾರೆ. ಭೂಮಿಯ ಆಳದ ಕಾವಿನಲ್ಲಿ ಬೆಂದು, ನಾದಿದ ಹಿಟ್ಟಿನಂತೆ ಮಡಿಚಿಕೊಂಡು, ಕಪ್ಪು ಬಿಳುಪು ಪಟ್ಟೆಗಳಾಗಿ ಗಟ್ಟಿಗೊಂಡ ಶಿಲೆಗೆ ನೈಸ್ ಎಂಬ ಹೆಸರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು 1975ರಲ್ಲಿ ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಈ ಶಿಲಾವರ್ಗದ ವಯಸ್ಸು 250 ಕೋಟಿಯಿಂದ 340 ಕೋಟಿ ವರ್ಷಗಳು.

ಈ ವಯಸ್ಸಿನಲ್ಲಿಯೇ ಒಂದು ದೊಡ್ಡ ಪ್ರಶ್ನೆಗೆ ಉತ್ತರ ಅಡಗಿದೆ. ಚಿನ್ನ, ಕಬ್ಬಿಣ, ಮ್ಯಾಂಗನೀಸ್‌ಗಳನ್ನು ಧಾರಾಳವಾಗಿ ಪಡೆದಿರುವ ಕರ್ನಾಟಕದಲ್ಲಿ ಗಣಿ ತೋಡುವಷ್ಟು ಕಲ್ಲಿದ್ದಲು ಏಕಿಲ್ಲವೆಂದರೆ, ಇಲ್ಲಿನ ನೆಲದ ಬಹುಭಾಗ ರೂಪುಗೊಂಡು ಗಟ್ಟಿಯಾಗುವ ಹೊತ್ತಿಗೆ ಭೂಮಿಯ ಮೇಲೆ ಮರವಿರಲಿ, ಒಂದು ಎಸಳು ಹುಲ್ಲೂ ಹುಟ್ಟಿರಲಿಲ್ಲ. ನೆಲದ ಮೇಲೆ ಸಸ್ಯಗಳು ಕಾಣಿಸಿಕೊಂಡದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಕಾಡೆನ್ನಬಹುದಾದಷ್ಟು ದಟ್ಟವಾಗಿ ಅವು ಬೆಳೆದದ್ದು ಅದಕ್ಕೂ ಎಷ್ಟೋ ಈಚೆಗೆ. ಕಲ್ಲಿದ್ದಲು, ಕಚ್ಚಾ ತೈಲ, ನೈಸರ್ಗಿಕ ಅನಿಲ ಈ ಮೂರನ್ನೂ ಪಳೆಯುಳಿಕೆ ಇಂಧನಗಳೆಂದು ಕರೆಯುವುದು ಅವು ಬದುಕಿದ್ದ ಜೀವಿಗಳ ಅವಶೇಷಗಳಾಗಿರುವುದರಿಂದ. ಜೀವಿಗಳೇ ಇಲ್ಲದ ಕಡೆ, ಅಥವಾ ಇದ್ದ ಅವಶೇಷಗಳೂ ಸುಟ್ಟುಹೋಗುವಷ್ಟು ಕಾವು ಕಂಡ ಕಲ್ಲಿನಲ್ಲಿ, ಅವು ದೊರೆಯುವ ಮಾತೇ ಇಲ್ಲ. ಹೀಗಾಗಿ ಸಾರಕ್ಕಿ ಸಿಗ್ನಲಿನಲ್ಲಿ ಉರಿಯುವ ಪೆಟ್ರೋಲಿನ ಪ್ರತಿಯೊಂದು ಹನಿಯೂ, ಆ ಸುತ್ತಿನ ಅಡುಗೆಮನೆಗಳಲ್ಲಿ ಉರಿಯುವ ಅನಿಲವೂ ಹೊರಗಿನಿಂದ ಬಂದದ್ದು. ಈ ಭಾಷಣದ ಹುರುಳು ಇರುವುದು ಆ ದೂರದಲ್ಲಿ: ಇಂಧನ ಎಲ್ಲಿ ಹುಟ್ಟಿತು, ಅದಕ್ಕೆ ಎಷ್ಟು ಕಾಲ ಹಿಡಿಯಿತು, ಅದರ ಹೊಗೆ ಮತ್ತು ಬೂದಿ ಎಲ್ಲಿ ಹೋಗಿ ಬೀಳುತ್ತವೆ ಎಂಬುದು ಉರಿಸುವವರ ಕಣ್ಣಿಗೆ ಬೀಳದಿರುವುದರಿಂದಲೇ ಅದನ್ನು ಇಷ್ಟು ನಿಶ್ಚಿಂತೆಯಿಂದ ಉರಿಸಲು ಸಾಧ್ಯವಾಗಿದೆ.

ಇಂಧನ ಸಿಗದಿದ್ದರೂ, ಅದು ಹುಟ್ಟುವ ಬಗೆಯ ಮೊದಲ ಹೆಜ್ಜೆಯನ್ನು ಮಾತ್ರ ಸಾರಕ್ಕಿಯಲ್ಲಿಯೇ ಕಾಣಬಹುದು. ಸುಮಾರು 80 ಎಕರೆಯಷ್ಟಿರುವ, 2015ರ ಏಪ್ರಿಲ್‌ನಲ್ಲಿ ದೊಡ್ಡ ಪ್ರಮಾಣದ ಒತ್ತುವರಿ ತೆರವಿನಿಂದ ಸುದ್ದಿಯಾದ ಸಾರಕ್ಕಿ ಕೆರೆಯಂತಹ ಯಾವುದೇ ಕೆರೆಯ ತಳದಲ್ಲಿ ಎಲೆ, ಜೊಂಡು, ಅಂತರಗಂಗೆ, ಪಾಚಿಗಳು ಸತ್ತು ಕೆಳಗಿಳಿದು ಹೂಳಾಗುತ್ತವೆ. ಬಯಲಿನಲ್ಲಿ ಬಿದ್ದ ಎಲೆಯನ್ನು ಗಾಳಿಯ ಆಮ್ಲಜನಕವೂ ಸೂಕ್ಷ್ಮಜೀವಿಗಳೂ ಸೇರಿ ಕೆಲವು ತಿಂಗಳುಗಳಲ್ಲಿ ಕರಗಿಸಿ, ಅದರಲ್ಲಿದ್ದ ಇಂಗಾಲವನ್ನು ಮತ್ತೆ ಗಾಳಿಗೆ ಸೇರಿಸುತ್ತವೆ. ಆದರೆ ನಿಂತ ನೀರಿನ ತಳದ ಕೆಸರಿಗೆ ಆಮ್ಲಜನಕ ಇಳಿಯುವುದು ಕಡಿಮೆಯಾದ್ದರಿಂದ ಅಲ್ಲಿ ಕೊಳೆಯುವಿಕೆ ಅರ್ಧಕ್ಕೇ ನಿಲ್ಲುತ್ತದೆ, ಹೂಳು ಕಪ್ಪಾಗುತ್ತದೆ, ಕೆದಕಿದರೆ ಮೀಥೇನ್ ಅನಿಲದ ಗುಳ್ಳೆಗಳು ಮೇಲೇಳುತ್ತವೆ. ರೈತರು ಬೇಸಿಗೆಯಲ್ಲಿ ಕೆರೆಯ ಗೋಡು ತೆಗೆದು ಹೊಲಕ್ಕೆ ಹಾಕುತ್ತಿದ್ದುದು ಹೀಗೆ ಉಳಿದುಕೊಂಡ ಸತ್ವಕ್ಕಾಗಿಯೇ. ಕಲ್ಲಿದ್ದಲಿನ ಕಥೆ ಆರಂಭವಾಗುವುದು ಇಂಥ ಕಪ್ಪು ಕೆಸರಿನಿಂದ. ಆದರೆ ಸಾರಕ್ಕಿಯ ಕೆಸರು ಎಂದೂ ಕಲ್ಲಿದ್ದಲಾಗದು, ಏಕೆಂದರೆ ಅದಕ್ಕೆ ಬೇಕಾದ ಎರಡನೆಯ ಹೆಜ್ಜೆ ಕೆಳಗಿನ ನೆಲವೇ ಮೆಲ್ಲಗೆ ಕುಸಿಯುತ್ತ ಹೋಗುವುದು. ಬೆಂಗಳೂರಿನ ಪ್ರಸ್ಥಭೂಮಿಯೋ ಕುಸಿಯುವ ನೆಲವಲ್ಲ, ಕೋಟ್ಯಂತರ ವರ್ಷಗಳಿಂದ ಮಳೆಗಾಳಿಗೆ ಸವೆಯುತ್ತ ನಿಂತಿರುವ ನೆಲ.

ಕುಸಿಯುವ ನೆಲ ಬೇಕೆಂದರೆ ಗೋದಾವರಿಯ ಕಣಿವೆಗೆ ಹೋಗಬೇಕು. ಇಂದಿನಿಂದ ಸುಮಾರು 30 ಕೋಟಿಯಿಂದ 25 ಕೋಟಿ ವರ್ಷಗಳ ಹಿಂದೆ ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾಗಳು ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿ ಸೇರಿಕೊಂಡಿದ್ದಾಗ, ಅದರ ಸೀಳುಕಣಿವೆಗಳಲ್ಲಿ, ಅಂದರೆ ಭೂತೊಗಟೆ ಬಿರಿದು ನಡುವಿನ ಪಟ್ಟಿ ಕೆಳಗಿಳಿದ ಕಡೆಗಳಲ್ಲಿ, ವಿಶಾಲವಾದ ಜೌಗುಕಾಡುಗಳು ಬೆಳೆದಿದ್ದವು. ನಾಲಗೆಯಾಕಾರದ ಎಲೆಯ ಗ್ಲಾಸಾಪ್ಟೆರಿಸ್ ಎಂಬ ಗಿಡಮರಗಳು ಆ ಕಾಡಿನ ಮುಖ್ಯ ಸಸ್ಯಗಳಾಗಿದ್ದವು; 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ಪ್ರಾಣಬಿಟ್ಟ ಕ್ಯಾಪ್ಟನ್ ಸ್ಕಾಟ್ ಮತ್ತು ಸಂಗಡಿಗರು ಕೊನೆಯವರೆಗೂ ಎಸೆಯದೆ ಎಳೆದು ತಂದಿದ್ದ ಸುಮಾರು 16 ಕಿಲೋ ಕಲ್ಲುಗಳಲ್ಲಿ ಇದೇ ಎಲೆಯ ಅಚ್ಚುಗಳಿದ್ದವು. ಜೌಗಿನಲ್ಲಿ ಬಿದ್ದ ಸಸ್ಯರಾಶಿ ಮೊದಲು ಪೀಟ್ ಎಂಬ ನಾರುನಾರಾದ ಕಪ್ಪುಮಣ್ಣಾಯಿತು. ನೆಲ ಕುಸಿದಂತೆ ನದಿಗಳು ಅದರ ಮೇಲೆ ಮರಳನ್ನೂ ಜೇಡಿಯನ್ನೂ ಹೇರಿದವು. ಆ ಭಾರಕ್ಕೆ ನೀರು ಹಿಂಡಿಹೋಗಿ, ಆಳದ ಕಾವಿಗೆ ಜಲಜನಕ ಮತ್ತು ಆಮ್ಲಜನಕಗಳು ಬಹುಪಾಲು ಹೊರಟುಹೋಗಿ, ಇಂಗಾಲದ ಪಾಲು ಏರುತ್ತ ಅದು ಕಂದುಬಣ್ಣದ ಲಿಗ್ನೈಟ್ ಆಗಿ, ಅನಂತರ ಬಿಟುಮಿನಸ್ ಎಂಬ ಸಾಮಾನ್ಯ ಕಲ್ಲಿದ್ದಲಾಗಿ, ಒತ್ತಡ ಬಹಳ ಹೆಚ್ಚಾದ ಕಡೆ ಹೊಳಪಿನ ಆಂಥ್ರಸೈಟ್ ಆಗಿ ಮಾರ್ಪಟ್ಟಿತು. ತಮಿಳುನಾಡಿನ ನೈವೇಲಿಯದು ಈ ಸರಣಿಯ ನಡುದಾರಿಯಲ್ಲಿಯೇ ನಿಂತ ಎಳೆಯ ಲಿಗ್ನೈಟ್. ಭಾರತದ ಕಲ್ಲಿದ್ದಲಿನ ಬಹುತೇಕ ಎಲ್ಲವೂ ಗೊಂಡ್ವಾನ ಕಾಲದ್ದು, ಮತ್ತು ಕರ್ನಾಟಕಕ್ಕೆ ಹತ್ತಿರದ ನಿಕ್ಷೇಪ ಗೋದಾವರಿ ಕಣಿವೆಯ ಸಿಂಗರೇಣಿ. ಅಲ್ಲಿ ಕಲ್ಲಿದ್ದಲಿರುವುದನ್ನು ಸರ್ವೇಕ್ಷಣ ಸಂಸ್ಥೆಯ ವಿಲಿಯಂ ಕಿಂಗ್ 1871ರಲ್ಲಿ ಗುರುತಿಸಿದರು.

ತೈಲದ ಹುಟ್ಟು ಕಾಡಿನಲ್ಲಲ್ಲ, ಕಡಲಿನಲ್ಲಿ. ನೀರಿನ ಮೇಲ್ಪದರದಲ್ಲಿ ತೇಲುತ್ತ ಬದುಕುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಪ್ಲವಕಗಳೆನ್ನುತ್ತಾರೆ. ಅವು ಸತ್ತು ಆಮ್ಲಜನಕವಿಲ್ಲದ ಕಡಲತಳಕ್ಕೆ ಇಳಿದು ಜೇಡಿಯೊಡನೆ ಬೆರೆತು ಹೂತುಹೋದಾಗ, ಅವುಗಳ ಕೊಬ್ಬಿನಂಶ ಮೊದಲು ಕೆರೊಜೆನ್ ಎಂಬ ಮೇಣದಂತಹ ಘನವಸ್ತುವಾಗುತ್ತದೆ. ಆ ಪದರ ಕೆಲವು ಕಿಲೋಮೀಟರ್ ಆಳಕ್ಕಿಳಿದು ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಕಾವಿಗೆ ಬಂದರೆ ಕೆರೊಜೆನ್ ಒಡೆದು ತೈಲವಾಗುತ್ತದೆ, ಇನ್ನೂ ಬಿಸಿಯೇರಿದರೆ ತೈಲವೂ ಒಡೆದು ಅನಿಲವಾಗುತ್ತದೆ. ಹೀಗೆ ಹುಟ್ಟಿದ ತೈಲ ನೆಲದಡಿಯ ಕೊಳವಾಗಿ ನಿಂತಿರುತ್ತದೆಯೆಂಬ ಕಲ್ಪನೆ ಸರಿಯಲ್ಲ. ಅದು ಮರಳುಗಲ್ಲಿನ ಅಥವಾ ಸುಣ್ಣಗಲ್ಲಿನ ಸಣ್ಣ ರಂಧ್ರಗಳಲ್ಲಿ, ಸ್ಪಂಜಿನಲ್ಲಿ ನೀರಿರುವಂತೆ ತುಂಬಿಕೊಂಡು, ಮೇಲೆ ಮುಚ್ಚಳದಂತಿರುವ ರಂಧ್ರವಿಲ್ಲದ ಪದರದ ಕೆಳಗೆ ಸಿಕ್ಕಿಹಾಕಿಕೊಂಡಿರುತ್ತದೆ. 1974ರಲ್ಲಿ ಪತ್ತೆಯಾದ ಬಾಂಬೆ ಹೈ ಅಂಥದೊಂದು ಬೋನು.

ಈ ಬೆಳೆಯ ಇಳುವರಿ ಎಷ್ಟು ಕಡಿಮೆ ಎಂಬುದನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಜೆಫ್ರಿ ಡ್ಯೂಕ್ಸ್ ಎಂಬ ಪರಿಸರ ವಿಜ್ಞಾನಿ 2003ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹುಟ್ಟಿದ ಜೀವರಾಶಿಯಲ್ಲಿ ಬಹುಪಾಲು ಕೊಳೆತುಹೋಗಿ, ಉಳಿದದ್ದರಲ್ಲಿಯೂ ಬಹುಪಾಲು ತೈಲವಾಗದೆ, ಆದ ತೈಲದಲ್ಲಿಯೂ ಬಹುಪಾಲು ಸೋರಿಹೋಗುವುದರಿಂದ, ಒಂದು ಲೀಟರ್ ಪೆಟ್ರೋಲ್ ಕೈಸೇರಲು ಪ್ರಾಚೀನ ಕಾಲದ ಸುಮಾರು 23 ಟನ್ ಸಸ್ಯದ್ರವ್ಯ ಹೂತಿರಬೇಕಾಗುತ್ತದೆ ಎಂಬುದು ಅವರ ಅಂದಾಜು. ಬನಶಂಕರಿಯಿಂದ ಸಾರಕ್ಕಿಯವರೆಗಿನ ಸಂಜೆಯ ಸಂಚಾರದಲ್ಲಿ ಒಂದು ಕಾರು ಕುಡಿಯುವ ಚೂರುಪಾರು ಪೆಟ್ರೋಲಿನ ಹಿಂದೆ ಟನ್ನುಗಟ್ಟಲೆ ಹಸಿರಿನ ಬಿಸಿಲು ಅಡಗಿದೆ. ಇದನ್ನು ತಿಳಿದ ಮೇಲೆ ಆ ದ್ರವವನ್ನು ಬೇರೆ ಕಣ್ಣಿನಿಂದ ನೋಡದಿರುವುದು ಕಷ್ಟ.

ಕಲ್ಲಿದ್ದಲಿಲ್ಲದ ನಾಡು ಯಂತ್ರಯುಗಕ್ಕೆ ಕಾಲಿಟ್ಟ ಬಗೆ ಕರ್ನಾಟಕದ ಇತಿಹಾಸದಲ್ಲಿ ಸಾಕಷ್ಟು ಗಮನ ಪಡೆಯದ ಅಧ್ಯಾಯ. 1864ರಲ್ಲಿ ಬೆಂಗಳೂರಿಗೆ ರೈಲು ಬಂದದ್ದು ಹಬೆಯಿಂದ. ಕೋಲಾರದ ಚಿನ್ನದ ಗಣಿಗಳ ಯಂತ್ರಗಳು ತಿರುಗಿದ್ದು ಕೂಡ ಹಬೆಯಿಂದ, ಅದಕ್ಕಾಗಿ ಸೌದೆಯನ್ನೂ ದೂರದಿಂದ ತರಿಸಿದ ಕಲ್ಲಿದ್ದಲನ್ನೂ ಉರಿಸಬೇಕಾಗುತ್ತಿತ್ತು. ಆ ಖರ್ಚಿನ ಭಾರವೇ ಮೈಸೂರು ಸಂಸ್ಥಾನವನ್ನು ಕಾವೇರಿಯ ಕಡೆಗೆ ತಿರುಗಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳಿಗೆ ವಿದ್ಯುತ್ತನ್ನು ಮುಟ್ಟಿಸಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ತಂದಿತು. ಜಗತ್ತಿನ ಬಹುತೇಕ ದೊಡ್ಡ ನಗರಗಳು ಕಲ್ಲಿದ್ದಲಿನ ಹೊಗೆಯ ನಡುವೆ ಬೆಳಕು ಕಂಡ ಕಾಲದಲ್ಲಿ ಈ ಊರಿನ ಬೆಳಕು ನೀರಿನಿಂದ ಬಂತು. ಅದಕ್ಕೆ ಕಾರಣ ದೂರದೃಷ್ಟಿಯಷ್ಟೇ ಅಲ್ಲ, ಕೆಳಗಿನ ಬಂಡೆಯೂ ಹೌದು.

ಕಬ್ಬಿಣದ ವಿಷಯದಲ್ಲಿ ನೀರು ಸಹಾಯಕ್ಕೆ ಬರಲಿಲ್ಲ. ಅದಿರಿನಲ್ಲಿ ಕಬ್ಬಿಣ ಆಮ್ಲಜನಕದೊಡನೆ ಬೆಸೆದುಕೊಂಡಿರುತ್ತದೆ. ಅದನ್ನು ಬಿಡಿಸಲು ಕಾವಷ್ಟೇ ಸಾಲದು, ಆಮ್ಲಜನಕವನ್ನು ಕಿತ್ತುಕೊಳ್ಳುವ ಇಂಗಾಲ ಬೇಕು, ಹಾಗೂ ಲೋಕದ ಕುಲುಮೆಗಳು ಆ ಇಂಗಾಲವನ್ನು ಕೋಕ್ ರೂಪದಲ್ಲಿ, ಅಂದರೆ ಗಾಳಿಯಾಡದಂತೆ ಸುಟ್ಟು ಅನಿಲಗಳನ್ನು ಹೊರಹಾಕಿದ ಕಲ್ಲಿದ್ದಲಿನ ರೂಪದಲ್ಲಿ ಪಡೆಯುತ್ತವೆ. ಕೋಕ್ ಇಲ್ಲದ ಮೈಸೂರು ಸಂಸ್ಥಾನ, ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಭದ್ರಾವತಿಯಲ್ಲಿ ಕಟ್ಟಿದ ಕಾರ್ಖಾನೆಯಲ್ಲಿ 1923ರಿಂದ ಮರದ ಇದ್ದಿಲಿನಿಂದಲೇ ಕಬ್ಬಿಣ ಕರಗಿಸಲು ತೊಡಗಿತು. ಕೆಮ್ಮಣ್ಣುಗುಂಡಿಯಿಂದ ಅದಿರು ಬಂತು, ಮಲೆನಾಡಿನ ಕಾಡಿನಿಂದ ಮರ ಬಂತು. ಇದ್ದಿಲು ಮಾಡುವಾಗ ಹೊರಡುವ ಆವಿಯನ್ನು ವ್ಯರ್ಥ ಮಾಡದೆ ಮರದ ಸಾರವನ್ನು ಬಟ್ಟಿ ಇಳಿಸಿ ರಾಸಾಯನಿಕಗಳನ್ನು ತೆಗೆಯುವ ಘಟಕವೂ ಅಲ್ಲಿತ್ತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಮೆಚ್ಚತಕ್ಕ ಸಾಧನೆ. ಆದರೆ ಇದ್ದಿಲು ಕೋಕಿನಷ್ಟು ಗಟ್ಟಿಯಲ್ಲದ್ದರಿಂದ ಕುಲುಮೆಯನ್ನು ಬಹಳ ಎತ್ತರ ಕಟ್ಟಲಾಗದು, ಕಬ್ಬಿಣದ ಒಂದೊಂದು ಟನ್ನಿಗೂ ಕಾಡಿನ ಒಂದಷ್ಟು ಭಾಗ ಹೋಗುತ್ತದೆ. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆಯೇ ಆ ಹಸಿವು ಕಡಿಮೆಯಾಯಿತು. ಕಲ್ಲಿದ್ದಲಿನ ಕೇಡುಗಳನ್ನು ಎಣಿಸುವಾಗ ಭದ್ರಾವತಿಯನ್ನು ಮರೆಯುವಂತಿಲ್ಲ: 30 ಕೋಟಿ ವರ್ಷಗಳ ಹಿಂದೆ ಸತ್ತ ಕಾಡು ಸಿಗದಿದ್ದಾಗ ಮನುಷ್ಯ ಕೈಹಾಕಿದ್ದು ಬದುಕಿರುವ ಕಾಡಿಗೆ, ಮತ್ತು ಈ ಕಾರಣಕ್ಕೇ ಹಲವು ದೇಶಗಳಲ್ಲಿ ಕಲ್ಲಿದ್ದಲಿನ ಬಳಕೆ ಒಂದು ಘಟ್ಟದಲ್ಲಿ ಅರಣ್ಯಗಳನ್ನು ಉಳಿಸಿತೆಂಬ ಮಾತಿನಲ್ಲಿಯೂ ಸತ್ಯವಿದೆ.

ಹೊರಗಿನಿಂದ ಬಂದ ಇಂಧನವೆಂಬ ಅರಿವು ಕನ್ನಡದ ಪದದಲ್ಲಿಯೇ ಉಳಿದುಕೊಂಡಿದೆ. ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ ಎಂಬ ಮಾತುಗಳಲ್ಲಿರುವ ಸೀಮೆ ದೂರದೇಶವನ್ನು ಸೂಚಿಸುವಂತೆಯೇ ಸೀಮೆಎಣ್ಣೆಯ ಸೀಮೆಯೂ ಅದನ್ನೇ ಸೂಚಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ, ರಷ್ಯಾ, ಬರ್ಮಾಗಳಿಂದ ಡಬ್ಬಗಳಲ್ಲಿ ಬಂದ ಈ ಎಣ್ಣೆ, ಅದುವರೆಗೆ ಹೊಂಗೆ, ಹರಳು, ಹಿಪ್ಪೆಗಳ ಬೀಜದಿಂದ ಗಾಣದಲ್ಲಿ ಹಿಂಡಿದ ಎಣ್ಣೆಯಲ್ಲಿ ಉರಿಸುತ್ತಿದ್ದ ದೀಪಗಳನ್ನು ಬದಿಗೆ ಸರಿಸಿ ಬುಡ್ಡಿ, ಲಾಟೀನುಗಳನ್ನು ಮನೆಮನೆಗೆ ತಂದಿತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಕೈತಪ್ಪಿ ಪೆಟ್ರೋಲಿಗೆ ಪಡಿತರ ಬಂದಾಗ, ಬಸ್ಸಿನ ಹಿಂಬದಿಗೆ ಒಲೆಯಂತಹ ಉರುಳೆ ಕಟ್ಟಿ, ಅದರಲ್ಲಿ ಇದ್ದಿಲನ್ನು ಅರೆಬರೆ ಉರಿಸಿ ಹೊರಬರುವ ಅನಿಲದಿಂದ ಎಂಜಿನ್ ಓಡಿಸಿದ್ದೂ ಉಂಟು. ಯುದ್ಧಾನಂತರದ ದಶಕಗಳಲ್ಲಿ ಸೀಮೆಎಣ್ಣೆಯ ಬತ್ತಿ ಸ್ಟೋವ್, ಪಂಪ್ ಸ್ಟೋವ್‌ಗಳೂ, ಅವುಗಳ ಹಿಂದೆಯೇ ಪ್ರೊಪೇನ್ ಮತ್ತು ಬ್ಯೂಟೇನ್‌ಗಳನ್ನು ಒತ್ತಡದಲ್ಲಿ ದ್ರವವಾಗಿಸಿ ತುಂಬಿದ ಎಲ್‌ಪಿಜಿ ಸಿಲಿಂಡರುಗಳೂ ಬಂದವು. ಹಸಿ ಸೌದೆಯ ಹೊಗೆಯಲ್ಲಿ ಕೊಳವೆ ಊದುತ್ತ ಕಣ್ಣು, ಎದೆ ಕೆಡಿಸಿಕೊಂಡ ಹೆಂಗಸರ ತಲೆಮಾರುಗಳಿಗೆ ಈ ಬದಲಾವಣೆ ಎಂತಹ ಬಿಡುಗಡೆಯಾಗಿತ್ತೆಂಬುದನ್ನು ಗೌರವದಿಂದಲೇ ನೆನೆಯಬೇಕು. ಆದರೂ 14.2 ಕಿಲೋ ಅನಿಲವಿರುವ ಒಂದು ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್ ಅಡುಗೆಮನೆಯ ಕಿಟಕಿಯಿಂದ ಹೊರಗೆ ಹೋಗಿರುತ್ತದೆ.

ಕಲ್ಲಿದ್ದಲಿನ ವಿದ್ಯುತ್ ಕರ್ನಾಟಕಕ್ಕೆ ಬಂದದ್ದು ತಡವಾಗಿ. ಜೋಗದ ವಿದ್ಯುದಾಗಾರ, ಅನಂತರ 1960ರ ದಶಕದ ಶರಾವತಿ ಯೋಜನೆ ಎಂದು ರಾಜ್ಯ 1985ರವರೆಗೂ ಹೆಚ್ಚುಕಡಿಮೆ ಪೂರ್ಣವಾಗಿ ನೀರನ್ನೇ ನಂಬಿತ್ತು. ಆ ಬೆಳಕಿಗಾಗಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಋಣ ಇನ್ನೂ ಸಂದಿಲ್ಲ. ಮಳೆ ಕೈಕೊಟ್ಟ ವರ್ಷ ದೀಪವೂ ಕೈಕೊಡುತ್ತಿದ್ದುದರಿಂದ, 1985ರಲ್ಲಿ ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಆರಂಭವಾಯಿತು. ಇಂದು ಅದರ ಸಾಮರ್ಥ್ಯ 1,720 ಮೆಗಾವಾಟ್. ಒಂದು ಯೂನಿಟ್ ವಿದ್ಯುತ್ತಿಗೆ ಭಾರತದ ಕಲ್ಲಿದ್ದಲು ಸುಮಾರು 600ರಿಂದ 700 ಗ್ರಾಂ ಬೇಕಾಗುವುದರಿಂದ, ಎಲ್ಲ ಘಟಕಗಳೂ ಪೂರ್ಣವಾಗಿ ನಡೆದ ದಿನ ಅಲ್ಲಿ ಉರಿಯುವುದು 25 ಸಾವಿರ ಟನ್ನಿನಷ್ಟು, ಅಂದರೆ ಆರೇಳು ಗೂಡ್ಸ್ ರೈಲುಗಳ ಹೊರೆ. ಆ ಕಾವಿನಲ್ಲಿ ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗಿ, ಉಳಿದದ್ದು ಚಿಮಣಿಯಲ್ಲಿಯೂ ತಂಪುಗೋಪುರಗಳಲ್ಲಿಯೂ ಕಳೆದುಹೋಗುತ್ತದೆ. ಗೊಂಡ್ವಾನದ ನದಿಗಳು ಜೌಗಿಗೆ ತಂದು ಬೆರೆಸಿದ್ದ ಮಣ್ಣಿನಿಂದಾಗಿ ಕಲ್ಲಿದ್ದಲಿನ ಮೂರನೆಯ ಒಂದು ಪಾಲಿಗೂ ಮಿಕ್ಕಿ ಬೂದಿಯಾಗುತ್ತದೆ. ಅನಂತರ ಕುಡಿತಿನಿ, ಯರಮರಸ್, ಕೂಡಗಿ ಕೇಂದ್ರಗಳೂ, ಹೊರದೇಶದ ಕಲ್ಲಿದ್ದಲನ್ನು ಹಡಗಿನಲ್ಲಿ ತರಿಸಿ ಉರಿಸುವ ಉಡುಪಿ ಜಿಲ್ಲೆಯ ಎಲ್ಲೂರಿನ ಕೇಂದ್ರವೂ ಈ ಸಾಲಿಗೆ ಸೇರಿದವು.

ತೈಲದ ದಾರಿ ಪಶ್ಚಿಮದಿಂದ. ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಅದರಲ್ಲೊಂದು ಭಾಗ ನವಮಂಗಳೂರು ಬಂದರಿನಲ್ಲಿ ಇಳಿದು, 1996ರಿಂದ ಕೆಲಸ ಮಾಡುತ್ತಿರುವ ಮಂಗಳೂರಿನ ಶುದ್ಧೀಕರಣಾಗಾರದಲ್ಲಿ ಕಾಯಿಸಲ್ಪಟ್ಟು, ಕುದಿಯುವ ಬಿಂದುವಿಗೆ ತಕ್ಕಂತೆ ಅನಿಲ, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಡಾಂಬರುಗಳಾಗಿ ಬೇರೆಯಾಗುತ್ತದೆ. 2003ರಲ್ಲಿ ಸಿದ್ಧವಾದ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆಮಾರ್ಗ ಘಟ್ಟ ಹತ್ತಿ, ಹಾಸನವನ್ನು ಹಾದು, ಹೊಸಕೋಟೆಯ ಕಡೆಯ ದೇವನಗೊಂದಿಗೆ ಆ ತೈಲವನ್ನು ತಲುಪಿಸುತ್ತದೆ; ಅಲ್ಲಿಂದ ಟ್ಯಾಂಕರುಗಳಲ್ಲಿ ಬಂಕುಗಳಿಗೆ. ಈ ಸರಪಳಿಯಲ್ಲಿ ಹೆಚ್ಚು ಯೋಚನೆಗೆ ಹಚ್ಚುವ ಕೊಂಡಿ ಮಾತ್ರ ನೆಲದಡಿಯಲ್ಲಿದೆ. ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಕಾಪು ಬಳಿಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲವನ್ನು ತುಂಬಿಡಲು ಬಂಡೆಯನ್ನು ಕೊರೆದು ಗುಹೆಗಳನ್ನು ಮಾಡಲಾಗಿದೆ. ಅಂತರ್ಜಲದ ಮಟ್ಟಕ್ಕಿಂತ ಕೆಳಗಿರುವ ಆ ಗುಹೆಗಳಿಂದ ತೈಲ ಹೊರಗೆ ಸೋರದಂತೆ ಸುತ್ತಲಿನ ನೀರಿನ ಒತ್ತಡವೇ ತಡೆಯುತ್ತದೆ. ಒಂದು ಹನಿ ತೈಲವನ್ನೂ ಹುಟ್ಟಿಸಲಾಗದ ಪ್ರಾಚೀನ ಶಿಲೆ, ತನಗಿಂತ ಎಷ್ಟೋ ಕಿರಿಯದಾದ ಕಡಲ ತೈಲವನ್ನು ಹೀಗೆ ಒಡಲಲ್ಲಿಟ್ಟು ಕಾಯುತ್ತಿದೆ.

ಸಾರಕ್ಕಿ ಸಿಗ್ನಲಿನಲ್ಲಿ, ಮೇಲೆ ಮೆಟ್ರೊ ಹಳಿ, ಕೆಳಗೆ ಕನಕಪುರ ರಸ್ತೆಯ ವಾಹನಗಳ ಸಾಲು ಇರುವಲ್ಲಿ, ಈ ಇಡೀ ಪಯಣ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಮುಕ್ಕಾಲು ಕಿಲೋಗ್ರಾಂನಷ್ಟೇ ತೂಗುವ ಒಂದು ಲೀಟರ್ ಪೆಟ್ರೋಲ್ ಉರಿದಾಗ 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುವುದು ಮೊದಲ ಕೇಳ್ವಿಗೆ ವಿಚಿತ್ರವೆನಿಸಬಹುದು. ಪೆಟ್ರೋಲಿನ ಒಂದೊಂದು ಇಂಗಾಲದ ಪರಮಾಣುವೂ ಗಾಳಿಯಿಂದ ಎರಡೆರಡು ಆಮ್ಲಜನಕದ ಪರಮಾಣುಗಳನ್ನು ಕಟ್ಟಿಕೊಂಡು ಹೋಗುವುದರಿಂದ ತೂಕ ಹೀಗೆ ಹೆಚ್ಚುತ್ತದೆ. ನಿಂತು ನಿಂತು ಚಲಿಸುವ ಎಂಜಿನ್ನಿನಲ್ಲಿ ದಹನ ಪೂರ್ತಿಯಾಗದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ, ಅರೆಬೆಂದ ಇಂಧನದ ಆವಿ ಮತ್ತು ಮಸಿಯ ಕಣಗಳು ಹೊರಬೀಳುತ್ತವೆ. ಸಿಲಿಂಡರಿನ ಕಾವಿಗೆ ಗಾಳಿಯ ಸಾರಜನಕವೇ ಉರಿದು ಸಾರಜನಕದ ಆಕ್ಸೈಡುಗಳಾಗುತ್ತದೆ. ಈ ಆಕ್ಸೈಡುಗಳೂ ಇಂಧನದ ಆವಿಯೂ ಬಿಸಿಲಿನಲ್ಲಿ ಬೆರೆತು, ಉಸಿರುಗೊಳವೆಯನ್ನು ಉರಿಸುವ ಓಜೋನನ್ನು ಹುಟ್ಟಿಸುತ್ತವೆ. ಪಿಎಂ 2.5 ಎಂದರೆ 2.5 ಮೈಕ್ರೋಮೀಟರಿಗಿಂತ, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಸಣ್ಣದಾದ ಕಣ. ಮೂಗಿನ ರೋಮಕ್ಕಾಗಲಿ ಗಂಟಲಿನ ಲೋಳೆಗಾಗಲಿ ಸಿಗದೆ ಅದು ಶ್ವಾಸಕೋಶದ ತುದಿಗೆ ಇಳಿದು ರಕ್ತಕ್ಕೂ ಸೇರಬಲ್ಲದು. ಜಯನಗರದ 5ನೆಯ ಬ್ಲಾಕ್ ಮತ್ತು ಬಿಟಿಎಂ ಬಡಾವಣೆಗಳಲ್ಲಿ ಗಾಳಿಯ ಗುಣವನ್ನು ಅಳೆಯುವ ಕೇಂದ್ರಗಳಿವೆ. ವರ್ಷದ ಸರಾಸರಿಯಲ್ಲಿ ಈ ಕಣಗಳಿಗೆ ಭಾರತ ಇಟ್ಟುಕೊಂಡ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 5. ಬೆಂಗಳೂರಿನ ಗಾಳಿ ದೆಹಲಿಯದಕ್ಕಿಂತ ಎಷ್ಟೋ ವಾಸಿ ಎಂಬ ಸಮಾಧಾನ ಎರಡನೆಯ ಮಿತಿಯ ಮುಂದೆ ನಿಲ್ಲುವುದಿಲ್ಲ. 2000ದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತದ್ದು, 2020ರ ಏಪ್ರಿಲ್‌ನಲ್ಲಿ ಇಂಧನದ ಗಂಧಕವನ್ನು ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕಿಳಿಸಿದ ಬಿಎಸ್ 6 ಮಾನದಂಡ ಬಂದದ್ದು, ಆಟೋಗಳು ಎಲ್‌ಪಿಜಿಗೆ ತಿರುಗಿದ್ದು ದಿಟವಾದ ಸುಧಾರಣೆಗಳು. ಆದರೆ ನಗರದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದ ಮೇಲೆ, ಒಂದೊಂದರಲ್ಲಿ ಉಳಿಸಿದ್ದನ್ನು ಒಟ್ಟು ಮೊತ್ತ ನುಂಗುತ್ತಿದೆ.

ಸಿಗ್ನಲಿನಲ್ಲಿ ನಿಂತು ಕೆಮ್ಮುವ ಸಂಚಾರಿ ಪೊಲೀಸನಿಗೆ, ಹೂ ಮಾರುವವಳಿಗೆ ತಗಲುವ ಹಾನಿಯಾದರೂ ಕಣ್ಣೆದುರಿನದು. ಕಣ್ಣಿಗೆ ಮರೆಯಾದದ್ದು ಬೇರೆ ಇದೆ. ಜೆ.ಪಿ. ನಗರದ ಮನೆಯಲ್ಲಿ ಒತ್ತಿದ ಸ್ವಿಚ್ಚಿನ ಬೂದಿ ಬೀಳುವುದು ಶಕ್ತಿನಗರದ ಬೂದಿಹೊಂಡದಲ್ಲಿ. ಹಾರುಬೂದಿಯೆಂಬ ಆ ನುಣ್ಣನೆಯ ಪುಡಿ ಸಿಮೆಂಟಿಗೂ ಇಟ್ಟಿಗೆಗೂ ಒದಗಿದರೂ, ಒಣಗಿದ ಹೊಂಡದ ಮೇಲೆ ಬೇಸಿಗೆಯ ಗಾಳಿ ಬೀಸಿದಾಗ ಅದು ಸುತ್ತಲಿನ ಹೊಲಗಳ ಮೇಲೆಯೇ ಕೂರುತ್ತದೆ. ಮಲ್ಲಿಗೆಗೂ ತೆಂಗಿಗೂ ಹೆಸರಾದ ಎಲ್ಲೂರಿನ ಸುತ್ತಲಿನ ಜನ ಬೂದಿ ಮತ್ತು ಉಪ್ಪುನೀರಿನ ಕುರಿತು ವರ್ಷಗಟ್ಟಲೆ ದೂರಿ, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ, 2022ರಲ್ಲಿ ಪರಿಸರ ಪರಿಹಾರದ ಆದೇಶವಾಯಿತು. ಬೆಳಕನ್ನು ಪಡೆಯುವವರೂ ಬೂದಿಯನ್ನು ಹೊರುವವರೂ ಬೇರೆ ಬೇರೆಯಾಗಿರುವುದು ನ್ಯಾಯದ ಪ್ರಶ್ನೆ, ತಂತ್ರಜ್ಞಾನದ ಪ್ರಶ್ನೆ ಮಾತ್ರವಲ್ಲ.

ಎಲ್ಲ ಕಡೆಯ ಹೊಗೆಯೂ ಕೊನೆಗೆ ಒಂದಾಗುವುದು ವಾಯುಮಂಡಲದಲ್ಲಿ. ನೆಲದಿಂದ ಮೇಲೇಳುವ ಶಾಖವನ್ನು ಇಂಗಾಲದ ಡೈಆಕ್ಸೈಡ್ ಹೀರಿ ಒಂದಂಶವನ್ನು ಮತ್ತೆ ಕೆಳಗೆ ಕಳಿಸುತ್ತದೆ. ಗಾಜಿನ ಮನೆಯೊಳಗೆ ಕಾವು ನಿಲ್ಲುವುದಕ್ಕೆ ಹೋಲಿಸಿ ಇದನ್ನು ಹಸಿರುಮನೆ ಪರಿಣಾಮ ಎನ್ನುತ್ತಾರೆ. ಕಲ್ಲಿದ್ದಲು ಉರಿಸುವುದರಿಂದ ಭೂಮಿ ಬಿಸಿಯಾಗಬಲ್ಲದೆಂದು ಸ್ವೀಡನ್ನಿನ ಸ್ವಾಂತೆ ಅರೇನಿಯಸ್ 1896ರಲ್ಲಿಯೇ, ಬೆಂಗಳೂರಿಗೆ ವಿದ್ಯುದ್ದೀಪ ಬರುವ ಮೊದಲೇ, ಕೈಲೆಕ್ಕದಿಂದ ತೋರಿಸಿದ್ದರು. ಹೆಚ್ಚಿದ ಇಂಗಾಲ ಪಳೆಯುಳಿಕೆಯದೇ ಎಂಬುದಕ್ಕೆ ಸಾಕ್ಷಿ ಒದಗಿಸಿದ್ದು ಹಾನ್ಸ್ ಸ್ಯೂಸ್. ಬದುಕಿರುವ ಸಸ್ಯಗಳಲ್ಲಿ ಇಂಗಾಲ 14 ಎಂಬ ವಿಕಿರಣಶೀಲ ಇಂಗಾಲ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ, ಸತ್ತ ಮೇಲೆ ಅದು ಕ್ಷಯಿಸಿ ಸುಮಾರು 50 ಸಾವಿರ ವರ್ಷಗಳಲ್ಲಿ ಇಲ್ಲವೇ ಇಲ್ಲವೆಂಬಂತಾಗುತ್ತದೆ. ಕೋಟ್ಯಂತರ ವರ್ಷ ಹಳೆಯ ಕಲ್ಲಿದ್ದಲಿನಲ್ಲಿ ಅದರ ಸುಳಿವಿರದು. 1950ರ ದಶಕದಲ್ಲಿ ಸ್ಯೂಸ್ ಮರಗಳ ಉಂಗುರಗಳನ್ನು ಪರೀಕ್ಷಿಸಿ, ಈಚಿನ ಉಂಗುರಗಳಲ್ಲಿ ಇಂಗಾಲ 14ರ ಪಾಲು ತೆಳುವಾಗಿರುವುದನ್ನು, ಅಂದರೆ ಗಾಳಿಗೆ ಹಳೆಯ ಇಂಗಾಲ ಬೆರೆತಿರುವುದನ್ನು ಕಂಡರು. ಗೊಂಡ್ವಾನ ಭೂಖಂಡದ ಕಲ್ಪನೆಯನ್ನು ಲೋಕದ ಮುಂದಿಟ್ಟ ಎಡ್ವರ್ಡ್ ಸ್ಯೂಸ್ ಇವರ ಅಜ್ಜ: ಗ್ಲಾಸಾಪ್ಟೆರಿಸ್ ಕಾಡು ಬೆಳೆದ ನೆಲವನ್ನು ಅಜ್ಜ ಗುರುತಿಸಿದರೆ, ಅಂಥ ಕಾಡುಗಳ ಹೊಗೆಯನ್ನು ಮೊಮ್ಮಗ ಗುರುತಿಸಿದರು. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ.

ಬದಲಿ ದಾರಿಗಳು ಇಲ್ಲಿಯೇ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಕಟ್ಟಿದ ಅಸ್ತ್ರ ಕೇಂದ್ರ ಕಡಿಮೆ ಸೌದೆಯ ಒಲೆಯನ್ನೂ ಹಳ್ಳಿಯ ಗೋಬರ್ ಅನಿಲವನ್ನೂ ಗಂಭೀರ ವಿಜ್ಞಾನದ ವಿಷಯವಾಗಿಸಿತು. ಪಾವಗಡದ ಬರಡು ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. 2017ರ ಜೂನ್‌ನಲ್ಲಿ ಮೆಟ್ರೊ ಸಾರಕ್ಕಿಯ ಪಕ್ಕದಿಂದಲೇ ಯಲಚೇನಹಳ್ಳಿಯವರೆಗೆ ಓಡತೊಡಗಿತು. ರಾತ್ರಿಯ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಉಳಿದಿರುವವರೆಗೆ ವಿದ್ಯುತ್ ವಾಹನ ಪೂರ್ಣ ನಿರ್ದೋಷಿಯಲ್ಲವೆಂಬುದು ನಿಜವಾದರೂ, ಪೆಟ್ರೋಲ್ ಎಂಜಿನ್ ಇಂಧನದ ಕಾಲುಭಾಗವನ್ನಷ್ಟೇ ಚಲನೆಯಾಗಿಸುವಲ್ಲಿ ವಿದ್ಯುತ್ ಮೋಟಾರು ಪಡೆದ ಶಕ್ತಿಯ ಬಹುಭಾಗವನ್ನು ಚಕ್ರಕ್ಕೆ ತಲುಪಿಸುತ್ತದೆಂಬ ವ್ಯತ್ಯಾಸ ಸಣ್ಣದಲ್ಲ.

ಗಾಳಿಗೇರಿದ ಇಂಗಾಲ ತಾನಾಗಿ ಹಿಂದಿರುಗುವ ದಾರಿಯೂ ಒಂದಿದೆ, ಅದು ಸಾರಕ್ಕಿಯ ಕೆಮ್ಮಣ್ಣಿನಲ್ಲಿ ಬರೆದಿದೆ. ಮಳೆಹನಿ ಇಳಿಯುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬಲು ಸೌಮ್ಯವಾದ ಆಮ್ಲವಾಗುತ್ತದೆ. ಅದು ನೈಸ್ ಬಂಡೆಯ ಖನಿಜಗಳನ್ನು ಮೆಲ್ಲಗೆ ತಿಂದು, ಒಂದಂಶವನ್ನು ಜೇಡಿಯಾಗಿಸುತ್ತದೆ, ಕಬ್ಬಿಣವನ್ನು ತುಕ್ಕು ಹಿಡಿಸಿ ಮಣ್ಣಿಗೆ ಕೆಂಪು ಕೊಡುತ್ತದೆ, ಸುಣ್ಣದಂಶವನ್ನು ಇಂಗಾಲದ ಜೊತೆ ಕರಗಿಸಿ ಹೊಳೆಗೆ ಬಿಡುತ್ತದೆ. ಕಾವೇರಿ, ದಕ್ಷಿಣ ಪಿನಾಕಿನಿಗಳು ಅದನ್ನು ಬಂಗಾಳಕೊಲ್ಲಿಗೆ ಒಯ್ಯುತ್ತವೆ. ಅಲ್ಲಿ ಚಿಪ್ಪಿನ ಜೀವಿಗಳು ಅದರಿಂದ ತಮ್ಮ ಕವಚ ಕಟ್ಟಿಕೊಂಡು, ಸತ್ತಾಗ ತಳದಲ್ಲಿ ಸುಣ್ಣಗಲ್ಲಾಗಿ ನೆಲೆಸುತ್ತವೆ. ಲಾಲ್‌ಬಾಗಿನ ಬಂಡೆಯ ಮೇಲೆ ಜೂನ್ ತಿಂಗಳ ಪ್ರತಿ ಮಳೆಯಲ್ಲಿಯೂ ಈ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಮಳೆಯಲ್ಲಿ ಒಂದು ಗೇಣು ಬಂಡೆ ಹೀಗೆ ಮಣ್ಣಾಗಲು ಹಿಡಿಯುವ ಕಾಲವನ್ನು ಸಾವಿರ ವರ್ಷಗಳಲ್ಲಿ ಎಣಿಸುತ್ತಾರೆ. ಈ ಎರಡು ಶತಮಾನಗಳಲ್ಲಿ ಉರಿದ ಇಂಗಾಲವನ್ನು ಲೋಕದ ಎಲ್ಲ ಬಂಡೆಗಳೂ ಸೇರಿ ಮತ್ತೆ ಕಲ್ಲಾಗಿಸಲು ಹಿಡಿಯುವ ಕಾಲವನ್ನು ಲಕ್ಷ ವರ್ಷಗಳಲ್ಲಿ.